ಯಾಕಕ್ಕನ ಕಾವಲುಗಾರರು

ಬಂದರಿನ ಹಿಂಬದಿಯ ಬೀದಿಯಲ್ಲಿ, ಹಗ್ಗದಂಗಡಿಗೂ ಕ್ಷೌರದಂಗಡಿಗೂ ನಡುವೆ, ಒಂದೇ ಕಿಟಕಿಯ ಹೊಲಿಗೆ ಕೋಣೆಯೊಂದಿದೆ. ಅದರ ಒಡತಿಗೆ ಹೆತ್ತವರು ಏನು ಹೆಸರಿಟ್ಟಿದ್ದರೋ, ಬೀದಿಯವರ ಬಾಯಲ್ಲಿ ಮಾತ್ರ ಅವಳು ಯಾಕಕ್ಕ. ಮೀಟರ್ ಓದಲು ಬಂದವನನ್ನು ಕೂರಿಸಿಕೊಂಡು, ಈ ಅಂಕಿಗಳು ಮುಂದಕ್ಕೇ ಯಾಕೆ ಓಡುತ್ತವೆ, ಒಂದು ದಿನವಾದರೂ ಹಿಂದಕ್ಕೆ ಯಾಕೆ ಬರುವುದಿಲ್ಲ ಎಂದು ಕೇಳಿದವಳು. ಹಲ್ಲು ಕೀಳಿಸಿಕೊಳ್ಳಲು ಹೋಗಿ, ಬಾಯಿ ತೆರೆಯುವ ಮೊದಲು ಡಾಕ್ಟರ ಕೈಲಿದ್ದ ಇಕ್ಕಳ ಯಾಕೆ ಸೊಟ್ಟಗಿದೆ ಎಂದು ವಿಚಾರಿಸಿ, ಹೊರಗೆ ಕಾದು ಕೂತವರಿಂದ ಬೈಸಿಕೊಂಡವಳು. ಊರವರ ಗುಟ್ಟು ಕೆದಕುವ ಕುತೂಹಲ ಅದಲ್ಲ. ಯಾರ ಮನೆಯಲ್ಲಿ ಯಾರು ಜಗಳವಾಡಿದರು ಎಂಬುದು ಅವಳಿಗೆ ಬೇಡ. ಜಗಳವಾಡುವಾಗ ಜನ ಎದ್ದು ನಿಂತೇ ಯಾಕೆ ಆಡುತ್ತಾರೆ, ಕೂತು ಆಡಿದರೆ ಆಗದೇ ಎಂಬುದು ಬೇಕು. ಅವಳ ಗಂಡ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ಮಾತು ಕಡಿಮೆ, ಅಭಿಪ್ರಾಯ ಜಾಸ್ತಿ. ಇವಳಿಗೆ ಉತ್ತರ ಹೇಳುವುದಕ್ಕಿಂತ ಬಿರುಗಾಳಿಯಲ್ಲಿ ಕ್ರೇನ್ ಹತ್ತುವುದು ಸುಲಭ ಎಂದು ಅವನು ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಿದ್ದ.

ಅವಳ ಕಸುಬು ಹಡಗಿನ ಕೆಲಸಗಾರರು ತೊಡುವ ಬಾಯ್ಲರ್ ಸೂಟ್ ಹೊಲಿಯುವುದು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ಉಡುಪು, ಮುಂದೆ ಉದ್ದ ಜಿಪ್ಪು, ಮೊಣಕಾಲಿಗೆ ಇಮ್ಮಡಿ ಬಟ್ಟೆ. ಕೋಣೆಯ ತುಂಬ ಕಿತ್ತಳೆ ಬಣ್ಣದ ಬಟ್ಟೆಯ ಥಾನುಗಳು, ಮೂಲೆಯಲ್ಲಿ ಸೊಂಟದೆತ್ತರಕ್ಕೆ ಚಿಂದಿಯ ರಾಶಿ, ಗಾಳಿಯಲ್ಲಿ ಯಂತ್ರದ ಎಣ್ಣೆ ಮತ್ತು ಹೊಸ ಬಟ್ಟೆಯ ಗಂಜಿಯ ವಾಸನೆ. ಆ ಚಿಂದಿಯ ರಾಶಿಯನ್ನು ಕಂಡೇ ಹಡಗು ಕಂಪನಿಯ ಏಜೆಂಟ್‌ಗೆ ಉಪಾಯ ಹೊಳೆದಿರಬೇಕು. ಒಂದು ದಿನ ಬಂದು, ಈ ಸಲ ಸೂಟಿನ ಜೊತೆಗೆ ಒಳಗೆ ತುಂಬಿಸಲು ಮನುಷ್ಯರೂ ಬೇಕಿತ್ತು ಎಂದ.

ಅವನು ವಿವರಿಸಿದ್ದು ಇಷ್ಟು. ದೂರದ ಒಂದು ಕಡಲದಾರಿಯಲ್ಲಿ ಕಡಲ್ಗಳ್ಳರ ಕಾಟ. ಸಣ್ಣ ದೋಣಿಗಳಲ್ಲಿ ಬಿರುಸಾಗಿ ಬಂದು, ಕೊಕ್ಕೆಯ ಏಣಿ ಎಸೆದು ಹತ್ತಿಬಿಡುತ್ತಾರೆ. ಹತ್ತುವ ಮೊದಲು ದೂರದಿಂದ ನೋಡುತ್ತಾರೆ: ಯಾವ ಹಡಗಿನ ಅಂಚಿನ ಕಂಬಿಯ ಬಳಿ ಜನರಿಲ್ಲವೋ ಆ ಹಡಗು ನಿದ್ದೆಯಲ್ಲಿದೆ ಎಂದು ಲೆಕ್ಕ. ಹಾಗಾಗಿ ಕಂಬಿಯುದ್ದಕ್ಕೂ ಸೂಟು ತೊಡಿಸಿ, ಹೆಲ್ಮೆಟ್ ಇಟ್ಟು, ಆಳೆತ್ತರದ ಗೊಂಬೆಗಳನ್ನು ನಿಲ್ಲಿಸಬೇಕು. ಮುಳ್ಳುತಂತಿ ಸುತ್ತಿದ್ದಾಗಿದೆ, ನೀರು ಚಿಮ್ಮುವ ಪೈಪು ಹಾಕಿದ್ದಾಗಿದೆ, ಕಾವಲಿಗೆ ಇನ್ನಷ್ಟು ಜನರನ್ನು ಇಡಲು ಮಾತ್ರ ಕಂಪನಿಗೆ ಮನಸ್ಸಿಲ್ಲ. ಊಟ ಕೇಳದ ಕಾವಲುಗಾರರು ಬೇಕು ಅನ್ನಿ ಎಂದಳು ಯಾಕಕ್ಕ. ಏಜೆಂಟ್ ನಕ್ಕ. ಅವಳು ಬಿಡಲಿಲ್ಲ. ಆ ಕಳ್ಳರು ಯಾಕೆ ಬರುತ್ತಾರೆ, ಮೊದಲು ಏನು ಮಾಡಿಕೊಂಡಿದ್ದರು, ಇಷ್ಟೊಂದು ದೇಶಗಳ ಯುದ್ಧನೌಕೆಗಳು ಇರುವಾಗ ಹಡಗಿನವರು ಗೊಂಬೆಗಳ ಮೊರೆ ಹೋಗುವುದು ಯಾಕೆ ಎಂದು ಒಂದರ ಹಿಂದೊಂದು ಕೇಳಿದಾಗ, ಅವನು ವಾಚು ನೋಡಿಕೊಂಡು ಎದ್ದ.

ಮೊದಲ ಗೊಂಬೆ ಕೆಟ್ಟದಾಗಿ ಬಂತು. ಬೆನ್ನಿಗೆ ಮರದ ಪಟ್ಟಿ, ಕೈಕಾಲಿಗೆ ಚಿಂದಿ, ತಲೆಗೆ ಬಲೆಗೆ ಕಟ್ಟುವ ತೇಲುಗುಂಡು, ಎಲ್ಲವೂ ಸರಿಯಾಗಿಯೇ ಇತ್ತು. ಆದರೂ ಬೀದಿಯ ಆ ತುದಿಯಿಂದ ನೋಡಿದರೆ ಅದು ಗೊಂಬೆಯೆಂದು ಕುರುಡನಿಗೂ ಗೊತ್ತಾಗುವಂತಿತ್ತು. ಯಾಕೆ? ಯಾಕಕ್ಕ ಹೊಲಿಗೆ ಬಿಟ್ಟು ಜನರನ್ನು ನೋಡುತ್ತಾ ಅಲೆದಳು. ಬಸ್ ಸ್ಟಾಪಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಬಂದರಿನ ಗೇಟಿನಲ್ಲಿ ನಿಂತವರನ್ನು ಅವರು ಮುಜುಗರಪಡುವಷ್ಟು ದಿಟ್ಟಿಸಿದಳು. ಕೊನೆಗೆ ಗುಟ್ಟು ಸಿಕ್ಕಿತು. ಜೀವವಿರುವ ಯಾರೂ ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲುವುದಿಲ್ಲ. ಭಾರವನ್ನೆಲ್ಲ ಒಂದು ಕಾಲಿಗೆ ಕೊಟ್ಟು ಇನ್ನೊಂದನ್ನು ಸಡಿಲ ಬಿಡುತ್ತಾರೆ, ಭಾರ ಹೊತ್ತ ಕಡೆಯ ಭುಜ ಒಂದಿಷ್ಟು ಇಳಿಯುತ್ತದೆ. ಗಂಡನನ್ನು ಗೋಡೆಗೆ ನಿಲ್ಲಿಸಿ ಭುಜದಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ ಟೇಪು ಹಿಡಿದು ಅಳೆದಳು. ಮದುವೆಯಾದಾಗ ಕೂಡ ನನ್ನನ್ನ ಇಷ್ಟು ಹೊತ್ತು ನೋಡಿರಲಿಲ್ಲ ಎಂದು ಅವನು ಗೊಣಗಿದ. ಅಲ್ಲಿಂದ ಮುಂದೆ ಅವಳ ಗೊಂಬೆಗಳು ಒಂದು ಮಂಡಿ ಮಡಿಸಿ, ಒಂದು ಭುಜ ಇಳಿಸಿ, ಸಂಬಳ ಹೆಚ್ಚಿಸಿಲ್ಲ ಎಂಬ ಬೇಸರದಲ್ಲಿ ನಿಂತಂತೆ ನಿಂತವು. ಬಾಗಿಲ ಬಳಿ ಒರಗಿಸಿದ್ದ ಒಂದಕ್ಕೆ ಪೋಸ್ಟ್‌ಮ್ಯಾನ್ ದಾರಿ ಬಿಡಪ್ಪ ಎಂದು ಹೇಳಿದ ದಿನ ಅವಳು ಊಟವನ್ನೇ ಮರೆತಳು, ಅಷ್ಟು ಖುಷಿಯಾಗಿತ್ತು.

ಗೊಂಬೆಗಳು ಹತ್ತಿದ್ದು ಅವಳ ತಮ್ಮ ಅಡುಗೆಯವನಾಗಿದ್ದ ಹಡಗನ್ನೇ. ಅಪ್ಪ ಅಮ್ಮ ಬೇಗ ಹೋದದ್ದರಿಂದ ತಮ್ಮನನ್ನು ಮಡಿಲಲ್ಲಿಟ್ಟುಕೊಂಡು ಬೆಳೆಸಿದವಳು ಇವಳೇ, ಮಕ್ಕಳಿಲ್ಲದ ಅವಳಿಗೆ ಮಗ ಅಂದರೂ ಅವನೇ. ಬಂದರು ಸಿಕ್ಕಿದಲ್ಲೆಲ್ಲ ಅವನು ಫೋನ್ ಮಾಡಿ ಗೊಂಬೆಗಳ ಸಮಾಚಾರ ಒಪ್ಪಿಸಬೇಕಿತ್ತು. ಅವನೂ ರಸವತ್ತಾಗಿ ಒಪ್ಪಿಸುತ್ತಿದ್ದ. ಕ್ಯಾಪ್ಟನ್ ಒಂದು ಗೊಂಬೆಗೆ ಶೂ ಲೇಸ್ ಕಟ್ಟಿಕೋ ಎಂದು ಗದರಿದ್ದು, ಹಕ್ಕಿಗಳು ಅವುಗಳ ಹೆಲ್ಮೆಟ್ ಮೇಲೆ ಸಂಸಾರ ಹೂಡುವಂತೆ ಕೂರುವುದು, ಎಣ್ಣೆಮಾವ ಕೊನೆಯ ಗೊಂಬೆಗೆ ದಿನಾ ಬೆಳಿಗ್ಗೆ ನಮಸ್ಕಾರ ಹೇಳಿಯೇ ಕೆಳಗಿಳಿಯುವುದು. ಎಣ್ಣೆಮಾವ ಎಂದರೆ ಎಂಜಿನ್ನಿನ ಕೀಲುಗಳಿಗೆ ಎಣ್ಣೆ ಹಾಕುವ ಹಿರಿಯ. ಇದೇ ಊರಿನವರು, ಮೆಟ್ಟಿಲುಬೀದಿಯ ಮೇಲ್ತುದಿಯಲ್ಲಿ ಮನೆ, ನಿವೃತ್ತಿಗೆ ಹತ್ತಿರವಾದವರು. ಸಕ್ಕರೆ ಕಾಯಿಲೆಯವರಾದ್ದರಿಂದ ತಮ್ಮ ಅವರಿಗೆ ಬೇರೆಯೇ ಅಡುಗೆ ಮಾಡಿ ಬಡಿಸುತ್ತಿದ್ದ.

ಆ ಹಡಗನ್ನು ಕಡಲ್ಗಳ್ಳರು ಹಿಡಿದರು.

ಸುದ್ದಿ ಬಂದ ದಿನ ಯಾಕಕ್ಕ ಹೊಲಿಯುತ್ತಿದ್ದ ಸೂಟನ್ನು ಯಂತ್ರದಲ್ಲೇ ಬಿಟ್ಟು ಎದ್ದಳು. ಅತ್ತಳು, ಏಜೆಂಟ್‌ನ ಕಚೇರಿಗೆ ಓಡಿದಳು, ಅಲ್ಲಿಯೂ ಅತ್ತಳು. ಆದರೆ ಕಣ್ಣು ಒರೆಸಿಕೊಳ್ಳುತ್ತಲೇ ಅವಳ ಸ್ವಭಾವ ತಲೆ ಎತ್ತಿತು. ಈಗ ಯಾರು ಹೋಗಿ ಬಿಡಿಸಬೇಕು? ಏಜೆಂಟ್ ಗೋಡೆಯ ಭೂಪಟದ ಮೇಲೆ ಬೆರಳಾಡಿಸಿದ. ಹಡಗಿನ ಬಾವುಟ ಒಂದು ದೇಶದ್ದು, ಮಾಲೀಕ ಇನ್ನೊಂದು ದೇಶದವನು, ಒಳಗಿನ ಸರಕು ಮತ್ತೊಬ್ಬರದು, ದುಡಿಯುವವರು ಸಿಕ್ಕಸಿಕ್ಕ ದೇಶಗಳವರು. ಹತ್ತಿರದಲ್ಲಿರುವ ಯುದ್ಧನೌಕೆ ಇವು ಯಾವುದಕ್ಕೂ ಸಂಬಂಧವಿಲ್ಲದ ಬೇರೆಯೇ ದೇಶದ್ದು. ನಮ್ಮವರ ನೌಕೆಯೂ ಹೊರಟಿದೆ, ಆದರೆ ಅದು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಎಲ್ಲರೂ ಕೂತು ಮಾತಾಡಬೇಕು ಎಂದ.

ಕ್ಷೌರದಂಗಡಿಯಲ್ಲಿ ಆ ಮಾತು ಆಗಲೇ ಮುಗಿದಿತ್ತು. ಯಾಕಕ್ಕನ ಗಂಡನ ಪ್ರಕಾರ ಕಳ್ಳರ ದೋಣಿಗಳನ್ನು ಕಂಡಲ್ಲಿ ಮುಳುಗಿಸಬೇಕು, ಬೇರೆ ಮಾತೇ ಬೇಡ. ಕ್ಷೌರಿಕನಿಗೆ ಅದು ಒಪ್ಪಿಗೆಯಿಲ್ಲ. ಜೀವ ಮುಖ್ಯ, ಕೇಳಿದಷ್ಟು ಹಣ ಬಿಸಾಕಿ ಜನರನ್ನು ಕರೆತರಬೇಕು. ಹಾಗೆ ಬಿಸಾಕಿದ್ದರಿಂದಲೇ ಅವರು ಮತ್ತೆ ಮತ್ತೆ ಬರುವುದು ಎಂದು ಹಗ್ಗದಂಗಡಿಯವನು. ಯಾಕಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ನೆನಪಾದದ್ದು ಹಿಂದಿನ ವರ್ಷ ಬೀದಿಯ ಚರಂಡಿ ಕಟ್ಟಿಕೊಂಡದ್ದು. ಕಟ್ಟಿಕೊಂಡದ್ದು ಯಾರ ಬಾಗಿಲ ಮುಂದೆ ಎಂದು ಅಳೆಯುವುದರಲ್ಲೇ ವಾರಗಟ್ಟಲೆ ಕಳೆದು, ನೀರು ಎಲ್ಲರ ಹೊಸ್ತಿಲಿಗೂ ಬಂದ ಮೇಲೆ ಸರದಿ ಹಾಕಿಕೊಂಡು ಬಳಿದಿದ್ದರು. ದೇಶಗಳೂ ಹಾಗೆ ಸರದಿ ಹಾಕಿಕೊಂಡು ಕಡಲನ್ನು ಯಾಕೆ ಕಾಯಬಾರದು ಎಂದು ಗಂಡನನ್ನು ಕೇಳಿದಳು. ದೇಶ ಅಂದ್ರೆ ಚರಂಡಿ ಅಲ್ಲ ಕಣೆ ಎಂದ ಅವನು. ಯಾಕಲ್ಲ ಎಂದು ಕೇಳಿದ್ದಕ್ಕೆ ಅವನು ಕ್ಷೌರಿಕನ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ನೌಕಾಪಡೆಯ ಅಧಿಕಾರಿಯೊಬ್ಬ ಏಜೆಂಟ್‌ನ ಜೊತೆ ಅವಳ ಕೋಣೆಗೇ ಬಂದ. ನಡುವಯಸ್ಸಿನವನು, ವಿಪರೀತ ನೆಗಡಿ, ಬಟ್ಟೆಯ ಧೂಳಿಗೆ ಸೀನು ಬೇರೆ. ಥಾನುಗಳನ್ನು ಸರಿಸಿ ಕತ್ತರಿಸುವ ಮೇಜಿನ ಮೇಲೆ ಒಂದು ದೊಡ್ಡ ಫೋಟೋ ಹರಡಿದ. ದೂರದಿಂದ ತೆಗೆದದ್ದು. ಹಡಗಿನ ಕಂಬಿಯುದ್ದಕ್ಕೂ ಕಿತ್ತಳೆ ಸೂಟು ತೊಟ್ಟ ಆಕೃತಿಗಳು ಸಾಲಾಗಿ ನಿಂತಿದ್ದವು, ಅವುಗಳ ಹಿಂದೆ ಕೆಂಪು ಟಾರ್ಪಾಲು ಹೊದೆಸಿದ ಏನೋ ಒಂದು. ಕಳ್ಳರು ಗೊಂಬೆಗಳನ್ನು ಕಿತ್ತೆಸೆಯುವ ಬದಲು ಉಪಯೋಗಿಸಿಕೊಂಡಿದ್ದರು. ಹಡಗಿನವರಿಗೂ ಅದೇ ಸೂಟು, ಅದೇ ಹೆಲ್ಮೆಟ್ಟು. ಅವರನ್ನು ಗೊಂಬೆಗಳ ನಡುವೆ ಕಟ್ಟಿ ನಿಲ್ಲಿಸಿದರೆ ಯಾವುದು ಜೀವ, ಯಾವುದು ಚಿಂದಿ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ನಾವೂ ತಲೆ ಕೆಡಿಸಿಕೊಂಡು ನೋಡಿದ್ದೇವೆ, ಬಗೆಹರಿಯಲಿಲ್ಲ, ಮಾಡಿದವರನ್ನೇ ಕೇಳೋಣ ಎಂದು ಬಂದೆವು ಎಂದ ಅಧಿಕಾರಿ.

ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು. ಮೊದಲು ಎದೆಯಲ್ಲಿ ಒಂದು ಹೆಮ್ಮೆ ಮಿಸುಕಿತು, ಸುಳ್ಳು ಯಾಕೆ ಹೇಳಬೇಕು. ಇಷ್ಟು ದೊಡ್ಡ ನೌಕಾಪಡೆ ತನ್ನ ಹೊಲಿಗೆಯ ಮುಂದೆ ಸೋತು ನಿಂತಿದೆ. ಮರುಕ್ಷಣವೇ ಆ ಹೆಮ್ಮೆ ಕಹಿಯಾಯಿತು. ತಾನು ಇಷ್ಟು ಚೆನ್ನಾಗಿ ಮಾಡಿರದಿದ್ದರೆ ಇವರಿಗೆ ಈ ಕಷ್ಟವೇ ಇರುತ್ತಿರಲಿಲ್ಲ.

ಪ್ರಶ್ನೆಗಳನ್ನು ಅವಳೇ ಶುರು ಮಾಡಿದಳು. ಗೊಂಬೆ ಯಾವುದು ಎಂದು ತಿಳಿದರೆ ಏನು ಮಾಡುತ್ತೀರಿ? ಹಡಗಿನವರು ಮೇಲೆ ಇಲ್ಲ, ಕೆಳಗೆಲ್ಲೋ ಇದ್ದಾರೆ ಎಂದು ಖಚಿತವಾದರೆ ನಮ್ಮವರು ಹತ್ತುತ್ತಾರೆ ಎಂದ ಅಧಿಕಾರಿ. ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತಾರೆ. ಕಳ್ಳರು ಸಿಕ್ಕಿದರೆ? ಅವನು ಮೂಗು ಒರೆಸಿಕೊಂಡ. ಎಷ್ಟೋ ಸಲ ಹಿಡಿದವರನ್ನು ನೀರು, ಊಟ ಕೊಟ್ಟು ಅವರ ದಡಕ್ಕೇ ಬಿಟ್ಟುಬಂದದ್ದೂ ಇದೆ, ಯಾಕೆಂದರೆ ವಿಚಾರಣೆ ನಡೆಸುವ ಉಸಾಬರಿ ಯಾವ ದೇಶಕ್ಕೂ ಬೇಡ ಎಂದ. ಅವಳಿಗೆ ಇದು ನಂಬಲಾಗಲಿಲ್ಲ. ಹಿಡಿಯುವುದಕ್ಕೆ ಇಷ್ಟು ದೇಶಗಳು, ಕೂರಿಸಿ ಕೇಳುವುದಕ್ಕೆ ಒಂದೂ ಇಲ್ಲವೇ? ಕೂರಿಸಿ ಕೇಳದೆ ಅವರು ಯಾಕೆ ಬರುತ್ತಾರೆಂದು ತಿಳಿಯುವುದು ಹೇಗೆ? ಅಧಿಕಾರಿಗೆ ನಗು ಬಂತೋ ಸೀನು ಬಂತೋ, ಕರ್ಚೀಫು ಮುಚ್ಚಿಕೊಂಡ. ಅದನ್ನ ನಮ್ಮ ಮೇಲಿನವರನ್ನ ಕೇಳಬೇಕು ನೀವು ಎಂದ.

ಏಜೆಂಟ್ ಚಡಪಡಿಸುತ್ತಿದ್ದ. ಅಧಿಕಾರಿ ಮತ್ತೆ ಫೋಟೋದ ಮೇಲೆ ಕೈಯಿಟ್ಟ. ಅವಳು ನೋಡಿದಳು, ಹತ್ತಿರದಿಂದ, ದೂರದಿಂದ, ಕನ್ನಡಕ ತೆಗೆದು, ಮತ್ತೆ ಹಾಕಿ. ಹೆಚ್ಚಿನವು ತನ್ನವೇ ಎಂದು ಅವಳ ಒಳಮನಸ್ಸು ಹೇಳಿತು. ಆ ಇಳಿದ ಭುಜ, ಆ ಮಡಿಸಿದ ಮಂಡಿ, ತಾನೇ ಟೇಪು ಹಿಡಿದು ಅಳೆದದ್ದು. ಆದರೆ ಅಳೆದದ್ದು ಬದುಕಿರುವ ಮನುಷ್ಯನ ಮೈಯನ್ನಲ್ಲವೇ? ದಣಿದ ಯಾವ ಮನುಷ್ಯನೂ ಹೀಗೇ ನಿಲ್ಲುತ್ತಾನೆ. ಎಲ್ಲವೂ ಗೊಂಬೆಯಾಗಿದ್ದು ಒಂದು ಮಾತ್ರ ಅಲ್ಲದಿದ್ದರೆ, ಆ ಒಂದು ಯಾವುದು? ಬೆರಳು ಫೋಟೋದ ಮೇಲೆ ಸುಳಿದಾಡಿ ಹಿಂದಕ್ಕೆ ಬಂತು.

"ನಾನು ಗೊಂಬೆ ಅಂದ್ರೆ, ಅದಕ್ಕೆ ಗುಂಡು ಹಾರಿಸ್ತೀರಾ?"

"ಗೊಂಬೆಗೆ ಯಾರೂ ಗುಂಡು ಹಾರಿಸಲ್ಲಮ್ಮ," ಎಂದ ಅಧಿಕಾರಿ. "ಆದ್ರೆ ಗೊಂಬೆ ಅಡ್ಡ ಇದೆ ಅಂತ ಯಾರೂ ಗುಂಡು ನಿಲ್ಲಿಸೋದೂ ಇಲ್ಲ."

ಅವನು ಒರಟಾಗಿ ಹೇಳಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ, ಅದಕ್ಕೇ ಅವಳಿಗೆ ಅವನ ಮೇಲೆ ಗೌರವ ಬಂತು. ಕನ್ನಡಕ ತೆಗೆದು ಮಡಿಸಿದಳು.

"ಹಾಗಾದ್ರೆ ಎಲ್ಲರೂ ಮನುಷ್ಯರು ಅಂತಲೇ ಲೆಕ್ಕ ಹಿಡೀರಿ."

ಏಜೆಂಟ್ ಗೊಂಬೆ ಮಾಡಿದವರು ನೀವೇ ಅಲ್ಲವೇ ಎಂದು ಮೇಲೆ ಬಿದ್ದ. ಮಾಡಿದ್ದು ನಾನೇ, ಅದಕ್ಕೇ ಹೇಳುತ್ತಿದ್ದೇನೆ ಎಂದಳು. ಅಧಿಕಾರಿ ವಾದಕ್ಕಿಳಿಯಲಿಲ್ಲ. ಫೋಟೋದ ಒಂದು ಪ್ರತಿಯನ್ನು ಅವಳಲ್ಲೇ ಬಿಟ್ಟು, ಏನಾದರೂ ಹೊಳೆದರೆ ತಿಳಿಸಿ ಎಂದು ಹೊರಟ. ಏನು ಹೊಳೆದರೂ ಹೇಳಿದ್ದನ್ನು ಬದಲಾಯಿಸುವುದಿಲ್ಲ ಎಂದು ಅವಳಿಗೆ ಆಗಲೇ ಗೊತ್ತಿತ್ತು.

ನೌಕೆಗಳು ದೂರದಲ್ಲಿ ಸುತ್ತುಗಟ್ಟಿ ನಿಂತವು. ಮಧ್ಯಸ್ಥರ ಮಾತುಕತೆ ಶುರುವಾಯಿತು, ಮುರಿಯಿತು, ಮತ್ತೆ ಶುರುವಾಯಿತು. ಬೇಸಿಗೆ ಕಳೆದು ಮಳೆ ಬಂತು. ಏಜೆಂಟ್‌ನ ಬಾಯಿ ಸುಮ್ಮನಿರುವಂಥದ್ದಲ್ಲ, ಅವಳು ಹೇಳಿದ ಮಾತು ಊರೆಲ್ಲ ಹರಡಿತು. ಒಂದು ಮಾತಲ್ಲಿ ಮುಗಿಯೋದನ್ನ ಎಳೆದು ಕೂರಿಸಿದಳು ಎಂದು ಜನ ಮೂಗು ಮುರಿದರು. ಗಂಡನೂ ಒಮ್ಮೆ, ಒಮ್ಮೆ ಮಾತ್ರ, ಖಚಿತ ಇದ್ದಷ್ಟನ್ನಾದ್ರೂ ಹೇಳಬಹುದಿತ್ತು ಎಂದ. ಆ ದಿನ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ದಾರ ಪೋಣಿಸದೆ ಪೆಡಲ್ ತುಳಿಯುತ್ತಿದ್ದಳು.

ಕಾಯುವ ಆ ದಿನಗಳಲ್ಲಿ ಎಣ್ಣೆಮಾವನ ಹೆಂಡತಿ ಆಗಾಗ ಬಂದು ಕೋಣೆಯಲ್ಲಿ ಕೂರುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಅವಳದು, ಬೆರಳತುದಿಗಳು ಸದಾ ನೀರಲ್ಲಿ ನೆನೆದು ಬೆಳ್ಳಗಾಗಿರುತ್ತಿದ್ದವು. ಊರವರಂತೆ ಅವಳು ದೂರಲಿಲ್ಲ. ಮಾತ್ರೆ ಎಷ್ಟು ದಿನಕ್ಕೆ ತೆಗೆದುಕೊಂಡು ಹೋಗಿದ್ದರೋ, ಮುಗಿದಿರಬಹುದೇ ಎಂಬುದೊಂದೇ ಅವಳ ಯೋಚನೆ. ಯಾಕಕ್ಕ ಅವಳ ಪರವಾಗಿ ಏಜೆಂಟ್‌ನನ್ನು ಕಾಡಿದಳು, ಅಧಿಕಾರಿಗೆ ಫೋನ್ ಮೇಲೆ ಫೋನ್ ಮಾಡಿದಳು. ಔಷಧಿ ಕಳಿಸಲು ಅಧಿಕಾರಿ ನಿಜವಾಗಿಯೂ ಓಡಾಡಿದ. ಯಾವ ದೇಶದ ದೋಣಿ ಅದನ್ನು ಒಯ್ಯಬೇಕು ಎಂದು ತೀರ್ಮಾನವಾಗುವ ಹೊತ್ತಿಗೆ ಎಣ್ಣೆಮಾವ ತೀರಿಕೊಂಡಿದ್ದರು. ಅವರ ಹೆಂಡತಿ ಆಮೇಲೆ ಕೋಣೆಯ ಕಡೆಗೆ ಬರಲಿಲ್ಲ. ಯಾಕಕ್ಕ ಮಾತಾಡಿಸಲು ಹೋದಾಗ ಮನೆತುಂಬ ನೆಂಟರಿದ್ದರು, ಅವರ ಕಣ್ಣುಗಳನ್ನು ಎದುರಿಸಲಾರದೆ ಹೊಸ್ತಿಲಿಂದಲೇ ಹಿಂದಿರುಗಿದಳು.

ಮಳೆಗಾಲ ಮುಗಿಯುತ್ತಿದ್ದಂತೆ ಹಡಗು ಬಿಡುಗಡೆಯಾಯಿತು. ಮಧ್ಯಸ್ಥರ ಮೂಲಕ ಏನೋ ಕೈಬದಲಾಯಿತು, ನೌಕೆಗಳು ಸುತ್ತ ನಿಂತದ್ದರಿಂದ ಕಳ್ಳರಿಗೆ ದಡದಿಂದ ಏನೂ ಬರದಂತೆಯೂ ಆಗಿತ್ತು. ತನ್ನಿಂದಲೇ ಆಯಿತು ಎಂದು ಕಂಪನಿ, ತಮ್ಮಿಂದ ಎಂದು ನೌಕಾಪಡೆಗಳು. ಇಳಿದು ಹೋಗುವಾಗ ಕಳ್ಳರಲ್ಲಿ ಕೆಲವರು ಸಿಕ್ಕಿಬಿದ್ದರು. ಈ ಸಲ ಒಂದು ದೇಶ ವಿಚಾರಣೆಗೆ ಒಪ್ಪಿಕೊಂಡಿತು ಎಂದು ಕೇಳಿ ಯಾಕಕ್ಕ, ಕೊನೆಗೂ ಯಾರೋ ಕೂರಿಸಿ ಕೇಳುತ್ತಾರೆ ಎಂದುಕೊಂಡಳು.

ತಮ್ಮ ಮನೆಗೆ ಬಂದ. ಅವನ ಹಳೆಯ ಅಂಗಿಯನ್ನು ತೊಡಿಸಿದರೆ ಒಳಗೆ ಇನ್ನೊಬ್ಬನಿಗೆ ಜಾಗವಿತ್ತು. ಅವನು ಉಂಡ, ಮಲಗಿದ, ಎದ್ದು ಉಂಡ, ಮತ್ತೆ ಮಲಗಿದ. ಅವಳು ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅವಳ ಮಟ್ಟಿಗೆ ಅದು ಸಣ್ಣ ತಪಸ್ಸಲ್ಲ. ಒಂದು ಮಧ್ಯಾಹ್ನ ಅವನೇ ಕೋಣೆಗೆ ಬಂದು ಚಿಂದಿಯ ರಾಶಿಗೆ ಒರಗಿ ಕೂತಾಗ ಮೆಲ್ಲಗೆ ಶುರು ಮಾಡಿದಳು.

ಗೊಂಬೆ ನಿಂತಿದ್ದರೂ ಅವರು ಯಾಕೆ ಹತ್ತಿದರು? ಇದನ್ನು ಕೇಳಿ ತಮ್ಮ ಮೊದಲ ಬಾರಿಗೆ ನಕ್ಕ. ಕಳ್ಳರಲ್ಲೊಬ್ಬ ಸದಾ ಅಡುಗೆಮನೆಯಲ್ಲಿ ಕೂತಿರುತ್ತಿದ್ದನಂತೆ. ಅವನು ತನ್ನ ತಲೆಯ ಮೇಲೆ ಅಂಗೈ ಇಟ್ಟು ಹಕ್ಕಿಯಂತೆ ಬೆರಳಾಡಿಸಿ ಅಭಿನಯ ಮಾಡಿ ತೋರಿಸಿದನಂತೆ. ದುರ್ಬೀನಿನಲ್ಲಿ ನೋಡುತ್ತಿದ್ದಾಗ ಹೆಲ್ಮೆಟ್ ಮೇಲೆ ಹಕ್ಕಿ ಕೂತಿತು, ಕೂತೇ ಇತ್ತು, ಕೆಳಗಿನವನು ಅದನ್ನು ಓಡಿಸಲೇ ಇಲ್ಲ. ಯಾಕಕ್ಕ ಹಣೆ ಚಚ್ಚಿಕೊಂಡಳು. ನಿಲ್ಲುವುದನ್ನು ಅಷ್ಟು ನೋಡಿದವಳು, ಕೈಬೀಸುವುದನ್ನು ಯೋಚಿಸಿರಲಿಲ್ಲ. ಆ ಮನುಷ್ಯ ಗೊಂಬೆಯ ಹೊಲಿಗೆಯನ್ನು ಬೆರಳಲ್ಲಿ ಸವರಿ, ಯಾರ ಕೈಕೆಲಸ ಎಂದು ಸನ್ನೆಯಲ್ಲೇ ಕೇಳಿದನಂತೆ. ಅವನೂ ಹಿಂದೆ ಬಲೆ ಹೊಲಿಯುತ್ತಿದ್ದವನು. ಹಾಗಾದರೆ ಅದನ್ನು ಬಿಟ್ಟದ್ದು ಯಾಕೆ ಎಂದು ಅವಳು ತಟ್ಟನೆ ಕೇಳಿದಳು. ಬಲೆಗೆ ಏನೂ ಬೀಳುತ್ತಿರಲಿಲ್ಲ, ದೊಡ್ಡ ಹಡಗುಗಳು ಬಂದು ಎಲ್ಲ ಬಾಚಿಕೊಂಡು ಹೋಗುತ್ತಿದ್ದವು ಎಂದು ಸನ್ನೆಗೆ ಹರಕು ಇಂಗ್ಲಿಷು ಕೂಡಿಸಿ ಹೇಳಿದನಂತೆ. ಆಮೇಲೆ ಈ ಕಳ್ಳತನದ ರುಚಿ ಹತ್ತಿತು ಎಂದೂ ಅಂದನಂತೆ. ಎರಡೂ ನಿಜವೇ ಇರಬೇಕು ಎಂದ ತಮ್ಮ. ಅವನಿಗೆ ಆ ಮನುಷ್ಯನ ಮೇಲೆ ಕೋಪವಿತ್ತು, ಆದರೆ ಸುಳ್ಳು ಹೇಳಲು ಮನಸ್ಸಿರಲಿಲ್ಲ.

ಆಗ ಅವಳು ಥಾನುಗಳ ಕೆಳಗಿಂದ ಫೋಟೋ ತೆಗೆದಳು. ಇದರಲ್ಲಿ ನೀನು ಯಾರು ಎಂದು ಕೇಳಿ ಅವನ ಮುಂದೆ ಹರಡಿದಳು.

ತಮ್ಮ ತುಂಬ ಹೊತ್ತು ನೋಡಿದ. ಕೆಂಪು ಟಾರ್ಪಾಲಿನ ಮೇಲೆ ಬೆರಳಿಟ್ಟ. ಅದು ಮೊದಲ ವಾರವೇ ಗಾಳಿಗೆ ಹಾರಿ ಕಡಲಿಗೆ ಬಿದ್ದಿತ್ತು.

"ಇದು ಅದಕ್ಕೂ ಮುಂಚಿನದು ಅಕ್ಕ. ಆಗ ನಮ್ಮನ್ನೆಲ್ಲ ಕೆಳಗೆ ಕೂಡಿಹಾಕಿದ್ರು. ಇಲ್ಲಿರೋದು ಎಲ್ಲಾ ನಿನ್ನ ಗೊಂಬೆಗಳೇ."

ಅವಳು ಫೋಟೋವನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಹಾಗಾದರೆ ನಾನು ಅಂದೇ ಗೊಂಬೆಗಳು ಎಂದಿದ್ದರೆ? ಊರ ಮಾತು ಆಗಲೇ ಕೇಳಿದ್ದ ತಮ್ಮ ಬೇಗ ಬೇಗ ಹೇಳಿದ: ಟಾರ್ಪಾಲು ಹಾರಿಹೋದ ಮೇಲೆ ಹಡಗಿನವರನ್ನೂ ಮೇಲೆ ತಂದು ನಿಲ್ಲಿಸತೊಡಗಿದರು, ಒಂದು ದಿನ ಇವನನ್ನು, ಒಂದು ದಿನ ಅವನನ್ನು, ಕೆಲವು ದಿನ ಯಾರನ್ನೂ ಇಲ್ಲ. ನೌಕೆಯವರು ಬರಲು ಒಂದೆರಡು ದಿನವಾಗುತ್ತಿತ್ತಲ್ಲ, ಅಷ್ಟರಲ್ಲಿ ಅಲ್ಲಿ ಯಾರು ನಿಂತಿರುತ್ತಿದ್ದರೋ. ಒಮ್ಮೆ ಇಡೀ ಬೆಳಿಗ್ಗೆ ಪಕ್ಕದವನ ಜೊತೆ ಪಿಸುಮಾತಿನಲ್ಲಿ ಮಾತಾಡಿ, ಬಿಸಿಲೇರಿದ ಮೇಲೆ ಅದು ಗೊಂಬೆ ಎಂದು ತಿಳಿಯಿತಂತೆ. ನೌಕೆಯವರು ಹತ್ತಿದ್ದಿದ್ದರೆ ಬದುಕುತ್ತಿದ್ದೆವೋ ಸಾಯುತ್ತಿದ್ದೆವೋ ಗೊತ್ತಿಲ್ಲ ಎಂದ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಗಂಡ ಒಳಬಂದು ಫೋಟೋ ಮಡಿಸಿ ಒಳಗಿಟ್ಟ. ಇದನ್ನು ಯಾರ ಮುಂದೆಯೂ ಆಡುವುದು ಬೇಡ, ಆದದ್ದು ಆಯಿತು, ಸುಮ್ಮನೆ ಇನ್ನೊಬ್ಬರ ಗಾಯಕ್ಕೆ ಉಪ್ಪು ಯಾಕೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಜೀವಮಾನವಿಡೀ ಎಲ್ಲರಿಂದ ಉತ್ತರ ವಸೂಲು ಮಾಡಿದವಳಿಗೆ, ತನ್ನ ಬಳಿಯೇ ಇರುವ ಉತ್ತರವೊಂದನ್ನು ಅದಕ್ಕೆ ಹಕ್ಕುದಾರಳಾದ ಹೆಂಗಸಿನಿಂದ ಮುಚ್ಚಿಡುವುದು ಒಗ್ಗಲಿಲ್ಲ. ಅಂದು ಸಂಜೆಯೇ ಮೆಟ್ಟಿಲುಬೀದಿ ಹತ್ತಿದಳು.

ಎಣ್ಣೆಮಾವನ ಹೆಂಡತಿ ಆಗಷ್ಟೇ ಕೆಲಸದಿಂದ ಬಂದಿದ್ದಳು. ನೆಂಟರೆಲ್ಲ ಹೋಗಿ ಮನೆ ಖಾಲಿಯಾಗಿತ್ತು. ಯಾಕಕ್ಕ ಕುಳಿತುಕೊಳ್ಳದೆಯೇ ಎಲ್ಲವನ್ನೂ ಹೇಳಿದಳು. ಆ ಫೋಟೋದಲ್ಲಿ ಮನುಷ್ಯರಿರಲಿಲ್ಲ. ಅವು ಗೊಂಬೆಗಳೇ ಎಂದು ನನಗೆ ಅರ್ಧಕ್ಕಿಂತ ಹೆಚ್ಚು ಅನುಮಾನವೂ ಇತ್ತು. ಆದರೂ ಮನುಷ್ಯರೆಂದೆ. ಅದರಿಂದಲೇ ತಡವಾಗಿದ್ದರೂ ಆಗಿರಬಹುದು. ಹೇಳುತ್ತಾ ಹೇಳುತ್ತಾ ಅಳು ಬಂತು, ಅತ್ತುಕೊಂಡೇ ಮುಗಿಸಿದಳು.

ಆ ಹೆಂಗಸು ಬೆಳ್ಳಗಾದ ಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡಳು.

"ನಿಮ್ಮ ತಮ್ಮ ಬದುಕಿ ಬಂದ. ಆ ಕಡೆಯಿಂದ ನೋಡಿದ್ರೆ ನೀವು ಹೇಳಿದ್ದು ಸರಿ," ಎಂದಳು. "ನಮ್ಮವರು ಬರ್ಲಿಲ್ಲ. ಈ ಕಡೆಯಿಂದ ನೋಡಿದ್ರೆ ತಪ್ಪು. ಎರಡೂ ನಿಮ್ಮ ಹತ್ರಾನೇ ಇರ್ಲಿ. ನನಗೆ ಅದು ಬೇಡ."

ಆಮೇಲೆ ಕೇಳಿದಳು:

"ನಮ್ಮವರು ಕೊನೇಲಿ ಹೇಗಿದ್ರು ಅಂತ ನಿಮ್ಮ ತಮ್ಮನ್ನ ಕೇಳಿದ್ರಾ?"

ಯಾಕಕ್ಕ ತಾನು ಕೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಎಣಿಸಿದಳು. ಹಕ್ಕಿಯ ಬಗ್ಗೆ ಕೇಳಿದ್ದಳು. ಬಲೆ ಹೊಲಿಯುತ್ತಿದ್ದ ಕಳ್ಳನ ಬಗ್ಗೆ ಕೇಳಿದ್ದಳು. ಫೋಟೋದಲ್ಲಿ ತಮ್ಮ ಎಲ್ಲಿ ಎಂದು ಕೇಳಿದ್ದಳು. ಎಣ್ಣೆಮಾವ ಹೇಗೆ ಹೋದರು ಎಂಬುದೊಂದನ್ನು ಕೇಳಿರಲಿಲ್ಲ, ಕೇಳಬೇಕೆಂದು ಹೊಳೆದೂ ಇರಲಿಲ್ಲ. ಇಲ್ಲ ಎಂದಳು. ಅವನನ್ನೇ ಕರೆತರುತ್ತೇನೆ ಎಂದು ಹೊರಬಿದ್ದಳು.

ಅವಳು ಮೆಟ್ಟಿಲಿಳಿದು ಮನೆಗೆ ಹೋದಳು. ಮಲಗಿದ್ದ ತಮ್ಮನನ್ನು ಎಬ್ಬಿಸಿ, ಮುಖ ತೊಳೆಯಲು ಹೇಳಿ, ಕೈಹಿಡಿದು ಮತ್ತೆ ಮೆಟ್ಟಿಲು ಹತ್ತಿಸಿದಳು. ಅವನು ಇನ್ನೂ ಬಲಹೀನ, ನಡುನಡುವೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಎಣ್ಣೆಮಾವನ ಹೆಂಡತಿ ಬಾಗಿಲು ತೆರೆದೇ ಇಟ್ಟು ಕಾಯುತ್ತಿದ್ದಳು. ಅವನನ್ನು ಅವಳ ಎದುರಿಗೆ ಕೂರಿಸಿ ಯಾಕಕ್ಕ ತಾನು ಗೋಡೆಯ ಬಳಿ ನೆಲದ ಮೇಲೆ ಕೂತಳು.

"ಅವರು ಊಟ ಮಾಡ್ತಿದ್ರಾ?" ಎಂದು ಕೇಳಿದಳು ಆ ಹೆಂಗಸು.

ತಮ್ಮ ಹೇಳತೊಡಗಿದ. ಮೊದಮೊದಲು ಮಾಡುತ್ತಿದ್ದರು, ಕಳ್ಳರ ಕಣ್ಣು ತಪ್ಪಿಸಿ ಅವರಿಗೆಂದು ಬೇರೆ ತೆಗೆದಿಡುತ್ತಿದ್ದೆ ಎಂದ. ಕೊನೆಯ ದಿನಗಳಲ್ಲಿ ಗಂಜಿಯ ತಿಳಿಯನ್ನು ಚಮಚದಲ್ಲಿ ಕುಡಿಸುತ್ತಿದ್ದೆ ಎಂದ. ಅವಳು ಒಂದೊಂದಾಗಿ ಕೇಳುತ್ತಾ ಹೋದಳು, ಅವನು ಒಂದೊಂದಾಗಿ ಹೇಳುತ್ತಾ ಹೋದ. ಕತ್ತಲಾಗುವವರೆಗೂ ಯಾಕಕ್ಕ ನಡುವೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.